ಹಾಕಿದ್ದು 0.33, ಬಂದಿದ್ದು ಮೂರು ಅಗಲ: ಬಾರ್‌ಕೋಡ್ ಸೈಜ್ ಯಾಕೆ ಹೊಂದಲ್ಲ?

[ತೆರೆಯಲ್ಲಿ: ಅದೇ ನಂಬರಿನ ಮೂರು ಬಾರ್‌ಕೋಡ್, ಮೂರಕ್ಕೂ ಬೇರೆ ಬೇರೆ ಅಗಲ]

"ಹಳೇ ಲೇಬಲ್ ಪ್ರೋಗ್ರಾಮ್‌ನಲ್ಲಿ 0.33 ಮಿ.ಮೀ. ಇತ್ತು, ಹೊಸದರಲ್ಲೂ 0.33 ಅಂತಲೇ ಹಾಕಿದ್ದೀನಿ. ಪ್ರಿಂಟರ್ ಅದೇ, ಲೇಬಲ್ ಅದೇ. ಬಾರ್‌ಕೋಡ್ ಮಾತ್ರ ಬೇರೆ ಸೈಜ್!" ನಿಮ್ಮಲ್ಲಿ ತುಂಬಾ ಜನರ ತಲೆಬಿಸಿ ಇದು.

ಬೇಸಿಕ್ಸ್ ಅರ್ಧ ನಿಮಿಷದಲ್ಲಿ ಮುಗಿಸ್ತೀನಿ. ಬಾರ್‌ಕೋಡ್‌ನ ಅತಿ ಸಣ್ಣ ಗೆರೆಯ ಅಗಲವೇ ಎಕ್ಸ್-ಡೈಮೆನ್ಶನ್. ಒಂದು ಪ್ರೋಗ್ರಾಮ್ ಅದನ್ನ ಮಿ.ಮೀ.ನಲ್ಲಿ ಕೇಳುತ್ತೆ, ಇನ್ನೊಂದು ಮಿಲ್‌ನಲ್ಲಿ (ಒಂದು ಮಿಲ್ ಅಂದ್ರೆ 0.0254 ಮಿ.ಮೀ.), ಮತ್ತೊಂದು ಸ್ಟ್ಯಾಂಡರ್ಡ್ ಸೈಜಿನ ಶೇಕಡಾದಲ್ಲಿ. ಇಎಎನ್-13ಕ್ಕೆ (ಅಂಗಡಿ ಸಾಮಾನಿನ ಮೇಲಿರೋ 13 ಅಂಕಿಯ ಬಾರ್‌ಕೋಡ್) 100%, 0.33 ಮಿ.ಮೀ., 13 ಮಿಲ್, ಮೂರೂ ಒಂದೇ. ಇಲ್ಲಿಗೆ ಎಲ್ಲರೂ ಸರಿಯಾಗೇ ಬರ್ತಾರೆ.

ಎಡವೋದು ಪ್ರಿಂಟರ್ ಹೆಡ್ ಹತ್ರ. 203 ಡಿಪಿಐ (ಅಂದ್ರೆ ಒಂದು ಇಂಚಿಗೆ 203 ಡಾಟ್) ಥರ್ಮಲ್ ಪ್ರಿಂಟರ್‌ಗೆ ಒಂದು ಮಿ.ಮೀ.ಗೆ ಎಂಟೇ ಡಾಟ್. ಒಂದು ಡಾಟ್ 0.125 ಮಿ.ಮೀ. ಹಾಗಾದ್ರೆ 0.33 ಮಿ.ಮೀ.ಗೆ ಎಷ್ಟು ಡಾಟ್? 2.64!

[ತೆರೆಯಲ್ಲಿ: ಗ್ರಾಫ್ ಶೀಟ್, ಒಂದೊಂದೇ ಚೌಕ ಕಪ್ಪಾಗುತ್ತಿದೆ]

ಗ್ರಾಫ್ ಶೀಟ್ ನೆನಪು ಮಾಡ್ಕೊಳ್ಳಿ. ಚೌಕ ತುಂಬಿದ್ರೆ ಪೂರ್ತಿ ತುಂಬಬೇಕು, ಮುಕ್ಕಾಲು ಚೌಕ ತುಂಬೋ ಹಾಗಿಲ್ಲ. ಈಗ 2.64 ಚೌಕ ತುಂಬು ಅಂದ್ರೆ ಪಾಪ ಏನು ಮಾಡುತ್ತೆ? ಒಂದು ಪ್ರೋಗ್ರಾಮ್ ಮೂರು ಡಾಟ್‌ಗೆ ಏರಿಸುತ್ತೆ: ಇಎಎನ್-13ರಲ್ಲಿ 95 ಮಾಡ್ಯೂಲ್ (ಒಂದು ಮಾಡ್ಯೂಲ್ ಅಂದ್ರೆ ಅತಿ ಸಣ್ಣ ಗೆರೆಯಷ್ಟು ಅಗಲ) ಇರೋದ್ರಿಂದ ಗೆರೆಗಳ ಒಟ್ಟು ಅಗಲ 35.6 ಮಿ.ಮೀ. ಇನ್ನೊಂದು ಎರಡಕ್ಕೆ ಇಳಿಸುತ್ತೆ: 23.75. ಮೂರನೆಯದು ಮಹಾ ಪ್ರಾಮಾಣಿಕ. ಬಾರ್‌ಕೋಡನ್ನೇ ಚಿತ್ರ ಮಾಡಿ 31.35ಕ್ಕೆ ಕೂರಿಸುತ್ತೆ. ಅಳತೆ ಪಕ್ಕಾ, ಆದ್ರೆ ಒಳಗೆ ಒಂದು ಸಣ್ಣ ಗೆರೆ ಎರಡು ಡಾಟ್, ಪಕ್ಕದ್ದು ಮೂರು. ಒಂದೇ ಅಗಲ ಇರಬೇಕಾದ ಗೆರೆಗಳಲ್ಲಿ ಒಂದೂವರೆ ಪಟ್ಟು ವ್ಯತ್ಯಾಸ. ಸ್ಕ್ಯಾನರ್ ತಡವರಿಸೋದು ಇದಕ್ಕೇ. ಮೂರೂ ಪ್ರೋಗ್ರಾಮ್‌ಗಳ ಪರದೆ ಮೇಲೆ ಮಾತ್ರ ತಣ್ಣಗೆ 0.33 ಅಂತಲೇ ಇರುತ್ತೆ!

ಅಂದ್ರೆ 203 ಡಿಪಿಐನಲ್ಲಿ ಇಎಎನ್-13 ಸರಿಯಾಗಿ 100%ಗೆ ಬರೋದೇ ಇಲ್ಲ. ಎರಡು ಡಾಟ್ ಅಂದ್ರೆ 76%, ಅದು ಇಎಎನ್-13ಕ್ಕಿರೋ 80%ರ ಕೆಳಮಿತಿಗಿಂತ ಕಮ್ಮಿ. ಮೂರು ಡಾಟ್ ಅಂದ್ರೆ 114%. ಮೂರೇ ಗತಿ. ಎರಡೂ ಬದಿಯ ಖಾಲಿ ಜಾಗ, ಅಂದ್ರೆ ಎಡಕ್ಕೆ 11, ಬಲಕ್ಕೆ 7 ಮಾಡ್ಯೂಲ್ ಸೇರಿಸಿದ್ರೆ 42.4 ಮಿ.ಮೀ. ಬೇಕು. 40 ಮಿ.ಮೀ. ಲೇಬಲ್‌ನಲ್ಲಿ ಎಷ್ಟೇ ಸರ್ಕಸ್ ಮಾಡಿದ್ರೂ ಹಿಡಿಯಲ್ಲ. 300 ಡಿಪಿಐ ಪ್ರಿಂಟರ್ ಆದ್ರೆ ನಾಲ್ಕು ಡಾಟ್, 0.339 ಮಿ.ಮೀ., ಒಟ್ಟು 38.3. ಹಿಡಿಯುತ್ತೆ.

ಹೊಂದಿಸೋದು ಹೇಗೆ? ಹಳೇ ಪ್ರೋಗ್ರಾಮ್‌ನ ಸೆಟ್ಟಿಂಗ್ ನೋಡ್ಬೇಡಿ, ಅದು ಪ್ರಿಂಟ್ ಮಾಡಿದ ಲೇಬಲ್ ಅಳೀರಿ. ಮೊದಲ ಗೆರೆಯ ಹೊರ ಅಂಚಿಂದ ಕೊನೆ ಗೆರೆಯ ಹೊರ ಅಂಚಿಗೆ ವರ್ನಿಯರ್ ಹಿಡಿದು, ಬಂದಿದ್ದನ್ನ 95ರಿಂದ ಭಾಗಿಸಿ. ಅದನ್ನ 0.125ರಿಂದ ಭಾಗಿಸಿದ್ರೆ ಡಾಟ್ ಲೆಕ್ಕ. ಪೂರ್ಣ ಸಂಖ್ಯೆ ಹತ್ರ ಬಂತಾ? ಹೊಸದರಲ್ಲಿ ಅಷ್ಟೇ ಡಾಟ್ ಕೊಡಿ. ಮಿ.ಮೀ.ನೇ ಕೇಳಿದ್ರೆ ಮೂರು ಡಾಟ್‌ಗೆ 0.375 ಹಾಕಿ, 0.33 ಅಲ್ಲ. 2.6 ಅಂತ ಬಂದ್ರೆ ಹಳೇದು ಚಿತ್ರ ಕಳಿಸ್ತಿತ್ತು ಅಂತ ಅರ್ಥ. ಅದನ್ನ ಅನುಕರಿಸೋಕೆ ಹೋಗ್ಬೇಡಿ, ಮೂರಕ್ಕೆ ಏರಿಸಿ.

ಹೊಸದು ಪ್ರಿಂಟರ್‌ಗೆ ಏನು ಕಳಿಸ್ತಿದೆ ಅಂತ ನೋಡ್ಬೇಕಾ? ಝಡ್‌ಪಿಎಲ್ ಅಂದ್ರೆ ಝೀಬ್ರಾ ಲೇಬಲ್ ಪ್ರಿಂಟರ್‌ಗಳ ಆಜ್ಞೆಗಳ ಭಾಷೆ. ಝಡ್‌ಪಿಎಲ್ ಪ್ರಿಂಟರ್ ಆದ್ರೆ 'ಪ್ರಿಂಟ್ ಟು ಫೈಲ್' ಕೊಟ್ಟು ಆ ಫೈಲನ್ನ ನೋಟ್‌ಪ್ಯಾಡ್‌ನಲ್ಲಿ ತೆರೀರಿ. ಟೋಪಿ ಗುರುತಿನ (^) ಪಕ್ಕ 'ಬಿವೈ3' ಅಂತಿದ್ರೆ ಮಾಡ್ಯೂಲ್‌ಗೆ ಮೂರು ಡಾಟ್, ಗೆರೆಗಳನ್ನ ಪ್ರಿಂಟರೇ ಎಳೀತಿದೆ. ಬಾರ್‌ಕೋಡ್ ಜಾಗದಲ್ಲಿ 'ಜಿಎಫ್' ಅಂತ ಶುರುವಾಗಿ ಉದ್ದಕ್ಕೆ ಅಕ್ಷರಗಳ ರಾಶಿ ಇದ್ರೆ ಅದು ಚಿತ್ರ.

ಟೈಮ್ ಓಡ್ತಿದೆ, ಉಳಿದಿದ್ದು ಚಕಚಕ ಹೇಳ್ತೀನಿ. ಕೋಡ್ 128ರಲ್ಲಿ (ಅಕ್ಷರ, ಅಂಕಿ ಎರಡೂ ಹಿಡಿಯೋ ಇನ್ನೊಂದು ಬಗೆಯ ಬಾರ್‌ಕೋಡ್) ಡಾಟ್ ಹೊಂದಿದ್ರೂ ಅಗಲ ಹೊಂದದೇ ಇರಬಹುದು: 12 ಅಂಕಿ ಬಿ ಸೆಟ್‌ನಲ್ಲಿ (ಒಂದೊಂದೇ ಅಂಕಿ ಬರೆಯೋದು) 167 ಮಾಡ್ಯೂಲ್, ಸಿ ಸೆಟ್‌ನಲ್ಲಿ (ಎರಡೆರಡು ಅಂಕಿ ಒಟ್ಟಿಗೆ) 101. ಎರಡೂ ಕಡೆ ಒಂದೇ ಸೆಟ್ ಇರಲಿ. 'ವಿಡ್ತ್' ಅಂತ ಕೇಳೋ ಪ್ರೋಗ್ರಾಮ್ ಬದಿಯ ಖಾಲಿ ಜಾಗ ಸೇರಿಸಿದೆಯಾ, 'ಹೈಟ್' ಕೆಳಗಿನ ಅಂಕಿಗಳನ್ನ ಸೇರಿಸಿದೆಯಾ ನೋಡಿ. ಡ್ರೈವರ್‌ನಲ್ಲಿ 'ಫಿಟ್ ಟು ಪೇಜ್' ಆಫ್, ಸ್ಕೇಲ್ 100%. ಮೂಲೆ ಹಿಡಿದು ಎಳೆದು ಸೈಜ್ ಮಾಡೋ ಅಭ್ಯಾಸ ಇವತ್ತೇ ಬಿಡಿ.

[ತೆರೆಯಲ್ಲಿ: ಒಂದೇ ಫೈಲ್, ಎರಡು ಪ್ರಿಂಟರ್]

ಇನ್ನೊಂದು, 203 ಡಿಪಿಐ ತೆಗೆದು 300 ಡಿಪಿಐ ಇಟ್ಟವರಿಗೆ: ಹಳೇ ಝಡ್‌ಪಿಎಲ್ ಫೈಲನ್ನ ಹಾಗೇ ಕಳಿಸಿದ್ರೆ ಆ ಮೂರು ಡಾಟ್ 0.375ರ ಬದಲು 0.254 ಮಿ.ಮೀ. ಆಗುತ್ತೆ, ಅಂದ್ರೆ 77%. 'ಬಿವೈ3' ಇದ್ದಲ್ಲಿ 'ಬಿವೈ4' ಮಾಡಿ. ಎತ್ತರವೂ ಡಾಟ್‌ನಲ್ಲೇ ಇರುತ್ತೆ, ಅದನ್ನ ಒಂದೂವರೆ ಪಟ್ಟು ಮಾಡಿ.