ವಿಮಾನ ಹತ್ತುವ ಮುನ್ನ, ಮನೆಯಲ್ಲೇ ಎರಡು ರಾಶಿ

ಕೇಳುಗರೆಲ್ಲರಿಗೂ ನಮಸ್ಕಾರ.

ರಾಯಚೂರಿನವರು ಹೈದರಾಬಾದಿನ ಶಂಷಾಬಾದಿಗೆ, ಕೊಪ್ಪಳದವರು ಹುಬ್ಬಳ್ಳಿಗೆ, ಬಳ್ಳಾರಿಯವರು ಬೆಂಗಳೂರಿಗೆ ಹೋಗಿ ವಿಮಾನ ಹಿಡಿಯುತ್ತೀರಿ. ಮಗಳ ಬಾಣಂತನಕ್ಕೋ ಮೊಮ್ಮಗನ ಜವಳಕ್ಕೋ ಮೊದಲ ಸಲ ಹೊರಟ ಹಿರಿಯರಿಗೆ ನನ್ನದು ಒಂದೇ ಮಾತು: ಸಾಮಾನನ್ನು ಮನೆಯಲ್ಲೇ ಎರಡು ರಾಶಿ ಮಾಡಿ, ವಿಮಾನದ ಕೆಳಗೆ ಹಾಕುವ ಸೂಟ್‌ಕೇಸಿಗೊಂದು, ಜೊತೆಗೊಯ್ಯುವ ಕೈಚೀಲಕ್ಕೊಂದು, ಮನೆಯಲ್ಲೇ ತೂಗಿ.

ದೇಶದೊಳಗೆ ಸಾಮಾನ್ಯವಾಗಿ ಸೂಟ್‌ಕೇಸಿಗೆ 15 ಕೆ.ಜಿ., ಕೈಚೀಲಕ್ಕೆ 7 ಕೆ.ಜಿ. ನಿಮಗೆಷ್ಟು ಎಂಬುದು ಟಿಕೆಟ್ಟಿನಲ್ಲೇ ಇರುತ್ತದೆ, ಓದಿಸಿಕೊಳ್ಳಿ. ಗಟ್ಟಿ ಪ್ಲಾಸ್ಟಿಕ್ಕಿನ ದೊಡ್ಡ ಸೂಟ್‌ಕೇಸು ಖಾಲಿ ಇದ್ದಾಗಲೇ ಮೂರು-ನಾಲ್ಕು ಕೆ.ಜಿ. ತೂಗುತ್ತದೆ. ಅದಕ್ಕೆ ಗಂಗಾವತಿಯ ಸೋನಾ ಮಸೂರಿ 5 ಕೆ.ಜಿ. ಸುರಿದರೆ ಬಟ್ಟೆಬರೆಗೆ ಉಳಿಯುವುದು ಆರೇಳು ಕೆ.ಜಿ. ಅಕ್ಕಿ ಎಲ್ಲ ಊರಲ್ಲೂ ಸಿಗುತ್ತದೆ, ದಯವಿಟ್ಟು ಬಿಟ್ಟು ಹೋಗಿ. ನಿಂತು ತೂಗುವ ಯಂತ್ರವಿದ್ದರೆ ಮೊದಲು ನೀವೊಬ್ಬರೇ ನಿಲ್ಲಿ, ಆಮೇಲೆ ಸೂಟ್‌ಕೇಸು ಎತ್ತಿಕೊಂಡು ನಿಲ್ಲಿ, ಮೊದಲಿನದನ್ನು ಕಳೆಯಿರಿ. 14 ಬಂತೋ, ಸಾಕು. ಮನೆಯ ಯಂತ್ರಕ್ಕೂ ಅಲ್ಲಿಯದಕ್ಕೂ ಸ್ವಲ್ಪ ಹೆಚ್ಚುಕಡಿಮೆ ಬರುತ್ತದೆ.

ಈಗ ರಾಶಿ. ಔಷಧಿ, ಡಾಕ್ಟರ ಚೀಟಿ, ಬಂಗಾರ, ದುಡ್ಡು, ಕಾಗದಪತ್ರ, ಒಂದು ಜೊತೆ ಬಟ್ಟೆ ಕೈಚೀಲಕ್ಕೆ. ಪವರ್ ಬ್ಯಾಂಕು ಕೂಡ ಕೈಚೀಲಕ್ಕೇ. ಅದರೊಳಗಿನ ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಮೇಲೆ ಸಿಬ್ಬಂದಿ ಆರಿಸುತ್ತಾರೆ, ಕೆಳಗಿನ ಸಾಮಾನಿನ ಕೋಣೆಗೆ ಹಾರಾಟದಲ್ಲಿ ಯಾರೂ ಇಳಿಯಲಾಗದು. ಬ್ಯಾಟರಿ ಎಷ್ಟು ಶಕ್ತಿ ಹಿಡಿಯುತ್ತದೆಂಬ ಅಳತೆ ಅದರ ಮೇಲೇ ಬರೆದಿರುತ್ತದೆ: 20,000 ಎಂಎಎಚ್‌ನದು ನಡೆಯುತ್ತದೆ, 100 ವ್ಯಾಟ್-ಅವರ್ ದಾಟಿದ್ದು ವಿಮಾನ ಕಂಪನಿಯ ಅನುಮತಿಯಿಲ್ಲದೆ ನಡೆಯದು. ಎಟಿಆರ್‌ನಂಥ ಸಣ್ಣ ವಿಮಾನದಲ್ಲಿ ಮೇಲಿನ ಗೂಡು ಚಿಕ್ಕದು, ಕೈಚೀಲವನ್ನೂ ಕೆಳಗೆ ಹಾಕಲು ಕೇಳಬಹುದು. ಆಗ ಪವರ್ ಬ್ಯಾಂಕು, ಔಷಧಿ ತೆಗೆದುಕೊಂಡೇ ಚೀಲ ಕೊಡಿ.

ಚಾಕು, ಅಡಕೊತ್ತು, ಕತ್ತರಿ, ಖಾರಪುಡಿ ಸೂಟ್‌ಕೇಸಿಗೆ. ಬೆಂಕಿಪೊಟ್ಟಣ, ಲೈಟರು ಎರಡಕ್ಕೂ ಬೇಡ. ಒಣಕೊಬ್ಬರಿಯನ್ನೂ ಒಯ್ಯಬೇಡಿ, ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವ ವಸ್ತುಗಳ ಪಟ್ಟಿಯಲ್ಲಿ ಅದೂ ಇದೆ.

ಇನ್ನು ಉಪ್ಪಿನಕಾಯಿ. ಆಗುವುದು ಹೀಗೆ. ತಾಯಿ ಮಗನಿಗೆಂದು ಗಾಜಿನ ಬಾಟಲಿಯ ಕಂಠದ ತನಕ ಮಾವಿನಕಾಯಿ ತುಂಬುತ್ತಾಳೆ, ಒಡೆದೀತೆಂದು ಕೈಚೀಲದಲ್ಲಿಡುತ್ತಾಳೆ. ಸೂಟ್‌ಕೇಸು ಬೆಲ್ಟಿನ ಮೇಲೆ ಹೋಗಿಯಾಗಿರುತ್ತದೆ. ತಪಾಸಣೆಯಲ್ಲಿ ಬಾಟಲಿ ತೆಗೆದಿಡುತ್ತಾರೆ: ಖಾರದ ಉಪ್ಪಿನಕಾಯಿ ಕೈಚೀಲದಲ್ಲಿ ಬಿಡುವುದಿಲ್ಲ. ಆಕೆ ಬೇಡಿಕೊಳ್ಳುತ್ತಾಳೆ, ಅವರು ನಿಯಮ ಹೇಳುತ್ತಾರೆ, ಹಿಂದೆ ಸಾಲು ಬೆಳೆಯುತ್ತದೆ. ಆರು ತಿಂಗಳು ಕಾದಿಟ್ಟ ಉಪ್ಪಿನಕಾಯಿ ಅಲ್ಲೇ ಉಳಿಯುತ್ತದೆ. ಮನೆಯಲ್ಲಿ ರಾಶಿ ಮಾಡಿದ್ದರೆ ಇದು ಆಗುತ್ತಲೇ ಇರಲಿಲ್ಲ! ಮೇಲೆ ನಿಂತ ಎಣ್ಣೆ ಬಸಿಯಿರಿ. ಗಾಜು ಬಿಡಿ, ತಿರುಪು ಮುಚ್ಚಳದ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ತೊಗೊಳ್ಳಿ. ಬಾಯಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಮುಚ್ಚಳ ತಿರುಗಿಸಿ, ಜಿಪ್ ಕವರಿನಲ್ಲಿ ಹಾಕಿ ಗಾಳಿ ಒತ್ತಿ ತೆಗೆಯಿರಿ, ಅದನ್ನು ಇನ್ನೊಂದು ಕವರಿನಲ್ಲಿ ಹಾಕಿ. ವಿಮಾನ ಮೇಲೇರಿದಾಗ ಒಳಗಿನ ಒತ್ತಡ ಇಳಿಯುತ್ತದೆ, ಡಬ್ಬಿಯ ಗಾಳಿ ಹಿಗ್ಗಿ ಎಣ್ಣೆಯನ್ನು ಮುಚ್ಚಳದ ಸಂದಿಯಿಂದ ಹೊರದೂಡುತ್ತದೆ. ಶಾಂಪೂ, ತಲೆಗೆಣ್ಣೆಯ ಕಥೆಯೂ ಇದೇ. ಡಬ್ಬಿಯನ್ನು ಹಳೆಯ ಟವೆಲಿನಲ್ಲಿ ಸುತ್ತಿ ಸೂಟ್‌ಕೇಸಿನ ನಡುವೆ ಇಡಿ, ಅಂಚಿಗೆ ಬೇಡ.

ಕಟಕ ರೊಟ್ಟಿ ಮಾತ್ರ ಸ್ಟೀಲ್ ಡಬ್ಬಿಯಲ್ಲಿ ಕೈಚೀಲಕ್ಕೆ, ಕೆಳಗೆ ಹಾಕಿದರೆ ಪುಡಿ.

ಸಮಯ ಮುಗಿಯುತ್ತ ಬಂತು. ದುಬೈ ಕಡೆ ಹೋಗುವವರು ಗಸಗಸೆ ಒಯ್ಯಲೇಬೇಡಿ, ಅದಿರುವ ಮಸಾಲೆ ಪುಡಿಯೂ ಬೇಡ. ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕ. ಸೂಟ್‌ಕೇಸಿನ ಹಳೆಯ ಚೀಟಿ ಕಿತ್ತುಹಾಕಿ, ಯಂತ್ರ ಹಳೆಯ ಬಾರ್‌ಕೋಡ್ ಓದಿದರೆ ಸಾಮಾನು ಬೇರೆ ಊರಿಗೆ ಹೋದೀತು. ಒಳಗೊಂದು ಹಾಳೆಯಲ್ಲಿ ಹೆಸರು, ಮೊಬೈಲ್ ನಂಬರ್ ಬರೆದಿಡಿ. ಇಳಿದ ಮೇಲೆ ಸೂಟ್‌ಕೇಸು ಬರದಿದ್ದರೆ ಬಾಗಿಲು ದಾಟಬೇಡಿ. ಬೆಲ್ಟಿನ ಹತ್ತಿರವೇ ವಿಮಾನ ಕಂಪನಿಯ ಕೌಂಟರಿಗೆ ಚೀಟಿ ತೋರಿಸಿ ದೂರು ಬರೆಸಿ, ಪ್ರತಿ ಇಸಿದುಕೊಂಡೇ ಹೊರಗೆ ಬನ್ನಿ.

ನಮಸ್ಕಾರ.