ಸಹಿ ಇಲ್ಲದ ಕೆಲಸ

ಕೇಳುಗರೆಲ್ಲರಿಗೂ ನಮಸ್ಕಾರ.

ಇಪ್ಪತ್ತೆರಡು ವರ್ಷ ವಿಧಾನಸೌಧದಲ್ಲಿ ಮಂತ್ರಿಗಳ ಪಕ್ಕದ ಕೋಣೆಯಲ್ಲಿ ಕೂತು ಕೆಲಸ ಮಾಡಿದೆ. ಮಂತ್ರಿಗಳು ಬದಲಾದರು, ಕೋಣೆ ಅದೇ. ಈಗ ಶಿರಸಿಗೆ ಮರಳಿದ್ದೇನೆ. 'ಅಲ್ಲಿ ನೀವು ಮಾಡ್ತಿದ್ದದ್ದು ಏನು ಮಾರಾಯ್ರೆ?' ಅಂತ ಊರವರು ಕೇಳುತ್ತಾರೆ.

ನಿಜ ಹೇಳಬೇಕೆಂದರೆ ಸಲಹೆಗಾರನಿಗೆ ಸಹಿಯೇ ಇಲ್ಲ. ಸರ್ಕಾರದ ಆದೇಶ ಹೊರಡುವುದು 'ಕರ್ನಾಟಕ ರಾಜ್ಯಪಾಲರ ಆಜ್ಞಾನುಸಾರ ಮತ್ತು ಅವರ ಹೆಸರಿನಲ್ಲಿ'. ಕೆಳಗೆ ಸಹಿ ಅಧಿಕಾರಿಯದ್ದು. ಕಡತಕ್ಕೆ ಒಪ್ಪಿಗೆ ಮಂತ್ರಿಗಳದ್ದು. ನಾನು ಬರೆಯುತ್ತಿದ್ದದ್ದು ಪೆನ್ಸಿಲ್ಲಿನಲ್ಲಿ, ಒಂದು ಚೀಟಿಯ ಮೇಲೆ. ಓದಿದ ಮೇಲೆ ಅದು ಕಸದ ಬುಟ್ಟಿಗೆ.

ಈಗೀಗ ಸಲಹೆಗಾರರು ಜಾಸ್ತಿ. ಅದಕ್ಕೊಂದು ಲೆಕ್ಕವೂ ಇದೆ. 2003ರ ಸಂವಿಧಾನ ತಿದ್ದುಪಡಿಯ ಪ್ರಕಾರ ಸದನದ ಶೇಕಡ 15ಕ್ಕಿಂತ ಹೆಚ್ಚು ಮಂತ್ರಿಗಳು ಇರುವಂತಿಲ್ಲ. ನಮ್ಮ ವಿಧಾನಸಭೆಯಲ್ಲಿ 224 ಸ್ಥಾನ, ಹಾಗಾಗಿ ಮುಖ್ಯಮಂತ್ರಿ ಸೇರಿ 34 ಮಂದಿ. ಮೂವತ್ತೈದನೆಯವರು ಮುನಿಸಿಕೊಂಡರೆ? ಒಂದು ನಿಗಮದ ಅಧ್ಯಕ್ಷಗಿರಿ, ಇಲ್ಲವೇ ಸಂಪುಟ ದರ್ಜೆಯ ಸಲಹೆಗಾರ ಅಥವಾ ರಾಜಕೀಯ ಕಾರ್ಯದರ್ಶಿ ಹುದ್ದೆ. ನಾನು ಆ ಪೈಕಿ ಅಲ್ಲ ಬಿಡಿ, ಬಸ್ ಪಾಸಿನವನು.

ಕೆಲಸದಲ್ಲಿ ಮುಕ್ಕಾಲು ಪಾಲು ವರ್ಗಾವಣೆ. ರಾತ್ರಿ ಬಸ್ಸಿಗೆ ಹೊರಟವರು ಬೆಳಗ್ಗೆ ಏಳಕ್ಕೆಲ್ಲ ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬಿ ಹಿಡಿದು ಬಾಗಿಲಲ್ಲಿ ಇರುತ್ತಿದ್ದರು. ಉಪ್ಪಿನಕಾಯಿ ತಿಂದಿದ್ದೇನೆ, ಸುಳ್ಳು ಹೇಳೋದಿಲ್ಲ.

ಉಳಿದ ಕಾಲು ಪಾಲು? ಇಲ್ಲಿಯ ಮಾತನ್ನು ಅಲ್ಲಿಯವರಿಗೆ ಅರ್ಥ ಮಾಡಿಸುವುದು. ಒಮ್ಮೆ ನಮ್ಮ ಘಟ್ಟದ ಊರೊಂದರಿಂದ ಅರ್ಜಿ ಬಂತು, ಶಾಲೆ ಮಕ್ಕಳಿಗೆ ಕಾಲುಸಂಕ ಬೇಕು ಅಂತ. ಕಡತ ಮೇಜಿನಿಂದ ಮೇಜಿಗೆ ಹೋಯಿತು. ಬಯಲುಸೀಮೆಯ ಯಾರೋ ಅಂಚಿನಲ್ಲಿ ಬರೆದರು: 'ಕಾಲುಸಂಕ ಎಂದರೇನು? ಸ್ಪಷ್ಟೀಕರಣ ಪಡೆದು ಮಂಡಿಸಿ.' ಅದು ಜಿಲ್ಲೆಗೆ ಹೋಗಿ ಬರುವಷ್ಟರಲ್ಲಿ ಒಂದು ಮಳೆಗಾಲ ಕಳೆದಿತ್ತು. ನಾನು ಚೀಟಿಯಲ್ಲಿ ಬರೆದೆ: 'ಹಳ್ಳಕ್ಕೆ ಅಡ್ಡ ಎರಡು ಅಡಿಕೆ ಮರ. ಹಿಡಿಯಲು ಒಂದು ಬಿದಿರು ಗಳ. ಜೂನ್‌ನಲ್ಲಿ ಮರದ ಮೇಲೆ ಪಾಚಿ, ಕೆಳಗೆ ಕೆಂಪು ನೀರು.' ಪಕ್ಕದಲ್ಲಿ ಚಿತ್ರವನ್ನೂ ಬಿಡಿಸಿದೆ, ಕೊಡೆ ಹಿಡಿದ ಒಬ್ಬ ಹುಡುಗಿ. ಮಂತ್ರಿಗಳು ಚೀಟಿಯನ್ನು ದೀಪದ ಹತ್ತಿರ ಹಿಡಿದರು. 'ಇದರ ಮೇಲೆ ಮಕ್ಕಳು ದಾಟ್ತಾರೇನ್ರೀ?' ಅಂದರು. ಸಹಿ ಬಿತ್ತು. ಆದರೆ ಜಾಗ ಅರಣ್ಯದ್ದು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಇದೆಯಲ್ಲ, ಅದಕ್ಕೆ ಬೇರೆ ಒಪ್ಪಿಗೆ ಬೇಕು. ಆ ಕಥೆ ಶುರು ಮಾಡಿದರೆ ಆಕಾಶವಾಣಿಯವರು ಕೊಟ್ಟ ಹೊತ್ತು ಸಾಲುವುದಿಲ್ಲ.

ಅಲ್ಲಿಯ ಮಾತು ಇಲ್ಲಿ ಕೆಡುವುದೂ ಇದೆ. ಕಾರವಾರದ ಕಡೆ 'ಯೋಜನೆ' ಅನ್ನುವ ಪದವನ್ನು ಹುಷಾರಾಗಿ ಆಡಬೇಕು. ಸೂಪಾ, ಕದ್ರಾ ಅಣೆಕಟ್ಟು, ಸೀಬರ್ಡ್ ನೌಕಾನೆಲೆ ಇವಕ್ಕೆಲ್ಲ ಮನೆ ಬಿಟ್ಟು ಎದ್ದವರ ಜಿಲ್ಲೆ ಇದು. ನನಗೆ ಗೊತ್ತಿತ್ತು. ಆದರೂ ಒಂದು ಸಲ ಭಾಷಣದ ಹಾಳೆಯನ್ನು ಓದದೇ ಕೊಟ್ಟುಬಿಟ್ಟೆ. 'ನಿಮ್ಮ ಜಿಲ್ಲೆಗೆ ಇನ್ನೊಂದು ದೊಡ್ಡ ಯೋಜನೆ ತರುತ್ತೇನೆ' ಅಂತ ಮಂತ್ರಿಗಳು ಓದಿದರು. ಚಪ್ಪಾಳೆಗೆಂದು ನಿಲ್ಲಿಸಿದರು. ಯಾರೂ ತಟ್ಟಲಿಲ್ಲ. ಮುಂದಿನ ಸಾಲಿನಲ್ಲಿದ್ದ ಮೀನು ಮಾರುವ ಹೆಂಗಸು ಬುಟ್ಟಿ ಎತ್ತಿಕೊಂಡು ಎದ್ದರು. ಅವರ ಹಿಂದೆ ಇಡೀ ಸಾಲೇ ಎದ್ದಿತು.

ಅಂಕೋಲಾ ದಾಟುವವರೆಗೆ ಕಾರಿನಲ್ಲಿ ಮಾತಿಲ್ಲ. ಆಮೇಲೆ, 'ಮೊದಲೇ ಹೇಳಬಾರದಿತ್ತಾ?' ಅಂತ ಅಷ್ಟೇ ಕೇಳಿದರು. ಬೈದಿದ್ದರೆ ವಾಸಿಯಿತ್ತು.

ಕಳೆದ ಮಳೆಗಾಲದಲ್ಲಿ ಆ ಹಳ್ಳದ ಕಡೆ ಹೋಗಿದ್ದೆ. ಈಗ ಅಲ್ಲಿ ಸಿಮೆಂಟಿನದ್ದೇ ಇದೆ, ಎರಡೂ ಕಡೆ ಹಿಡಿಯಲು ಕಬ್ಬಿಣದ ಕಂಬಿ. ಕಲ್ಲಿನ ಮೇಲೆ ಮಂತ್ರಿಗಳ ಹೆಸರು, ಶಾಸಕರ ಹೆಸರು, ಗುತ್ತಿಗೆದಾರರ ಹೆಸರು. ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ 'ಪಾದಚಾರಿ ಸೇತುವೆ' ಅಂತ ಕೆತ್ತಿದ್ದಾರೆ. ದನ ಹೊಡೆದುಕೊಂಡು ಬರುತ್ತಿದ್ದ ಅಜ್ಜಿಯನ್ನು 'ಈ ಸೇತುವೆ ದಾಟಿದರೆ ಶಾಲೆ ಸಿಗ್ತದಾ?' ಅಂತ ಕೇಳಿದೆ.

'ಯಾವ ಸೇತುವೆ? ಸಂಕವಾ?' ಅಂದರು.