ಬಾಣಂತಿಯ ಜೊತೆಗೊಬ್ಬರು

ಆತ್ಮೀಯ ಕೇಳುಗರೇ, ನಮಸ್ಕಾರ.

ಮಗು ಹುಟ್ಟಿದ ಮನೆಗೆ ಬಂದವರು ಮಗುವಿನ ತೂಕ ಎಷ್ಟು, ಯಾರ ಹೋಲಿಕೆ, ರಾತ್ರಿ ನಿದ್ದೆ ಮಾಡುತ್ತದೆಯೇ ಎಂದೆಲ್ಲ ವಿಚಾರಿಸುತ್ತಾರೆ. ಹೊಲಿಗೆಯ ನೋವಿನಲ್ಲಿ ಒರಗಿ ಕುಳಿತಿರುವ ತಾಯಿ ಹೊತ್ತಿಗೆ ಸರಿಯಾಗಿ ಊಟ ಮಾಡಿದಳೇ ಎಂದು ಕೇಳುವವರು ಕಡಿಮೆ. ಹೆರಿಗೆಯ ನಂತರದ ಡೌಲಾ ಎಂದು ಈಗ ಕರೆಯಲಾಗುವ ಸಹಾಯಕಿಯ ಗಮನ ಮೊದಲು ಹರಿಯುವುದು ಆ ತಾಯಿಯ ಕಡೆಗೆ. ಅಮೆರಿಕದ ಮಾನವಶಾಸ್ತ್ರಜ್ಞೆ ಡಾನಾ ರಫೇಲ್ ಅವರು 1973ರಲ್ಲಿ ಪ್ರಕಟಿಸಿದ, ಎದೆಹಾಲೂಡಿಕೆಯನ್ನು ಕುರಿತ ಪುಸ್ತಕದಲ್ಲಿ ಹೊಸ ತಾಯಿಯನ್ನು ಆರೈಕೆ ಮಾಡುವವರಿಗೆ ಈ ಹೆಸರನ್ನು ಬಳಸಿದರು.

ತವರಿನಲ್ಲಿ ಬಾಣಂತನ ಮಾಡಿಸಿಕೊಳ್ಳುವ ನಮಗೆ ಇಂಥ ಆರೈಕೆ ಹೊಸದೇನಲ್ಲ. ಎಣ್ಣೆ ಹಚ್ಚಿ ಬಿಸಿನೀರು ಹಾಕುವ ಅಜ್ಜಿ, ಮೆಣಸಿನ ಸಾರು, ಅಂಟಿನುಂಡೆ, ಸಾಂಬ್ರಾಣಿಯ ಹೊಗೆ ಇವೆಲ್ಲ ನಮ್ಮ ಮನೆಗಳಿಗೆ ಪರಿಚಿತವೇ. ಆದರೆ ಇಂದು ತವರಿನ ತಾಯಿಯೇ ಉದ್ಯೋಗದಲ್ಲಿರಬಹುದು ಅಥವಾ ಮಂಡಿನೋವಿನಿಂದ ನೆಲದ ಮೇಲೆ ಕೂರಲಾಗದವರಾಗಿರಬಹುದು. ಮಗಳು ದೂರದ ಅಮೆರಿಕದಲ್ಲಿದ್ದು, ವೀಸಾ ಸಕಾಲಕ್ಕೆ ಸಿಗದೆ ಹೋಗಬಹುದು. ಅಂಥ ಮನೆಗಳಲ್ಲಿ ಎಳೆಯ ದಂಪತಿಗಳು ಇಬ್ಬರೇ ಎಲ್ಲವನ್ನೂ ನಿಭಾಯಿಸಬೇಕಾಗುತ್ತದೆ.

ಡೌಲಾ ಮಾಡುವ ಕೆಲಸವನ್ನು ಹಾಲೂಡಿಸುವ ಹೊತ್ತಿನಲ್ಲಿ ನೋಡಬೇಕು. ಹೆರಿಗೆಯಾಗಿ ನಾಲ್ಕೈದು ದಿನವಾಗಿದೆ, ತೊಟ್ಟು ಸೀಳಿದೆ, ಮಗು ಬಾಯಿ ಹಾಕಿದೊಡನೆ ತಾಯಿಯ ಕಣ್ಣಲ್ಲಿ ನೀರು ಬರುತ್ತಿದೆ, ಹಾಲು ಸಾಲದು ಎಂದು ಯಾರೋ ಡಬ್ಬಿಯ ಹಾಲಿನ ಮಾತೆತ್ತಿದ್ದಾರೆ. ಡೌಲಾ ಮಗುವನ್ನು ತಾನು ಎತ್ತಿಕೊಳ್ಳುವುದಿಲ್ಲ. ತಾಯಿಯ ಬೆನ್ನಿಗೂ ಮೊಣಕೈಗೂ ದಿಂಬು ಕೊಟ್ಟು, ಮಗುವಿನ ಹೊಟ್ಟೆ ತಾಯಿಯ ಮೈಗೆ ತಾಗುವಂತೆ, ಅದರ ಮೂಗು ತೊಟ್ಟಿನ ಎದುರಿಗೆ ಬರುವಂತೆ ಹಿಡಿಯಲು ಹೇಳಿಕೊಡುತ್ತಾಳೆ. ಬಾಯಿ ಅಗಲವಾಗಿ ತೆರೆದಾಗ ಮಗುವನ್ನು ಹತ್ತಿರ ಸೆಳೆದುಕೊಂಡರೆ ತೊಟ್ಟಿನ ಜೊತೆಗೆ ಸುತ್ತಲಿನ ಕಪ್ಪು ಭಾಗವೂ ಬಾಯಿಗೆ ಸೇರುತ್ತದೆ, ನೋವು ಕಡಿಮೆಯಾಗುತ್ತದೆ, ಗುಟುಕರಿಸುವ ಸದ್ದು ಕೇಳಿಸುತ್ತದೆ. ಐದನೆಯ ದಿನದ ಹೊತ್ತಿಗೆ ಮಗು ದಿನಕ್ಕೆ 6 ಬಾರಿಯಾದರೂ ಮೂತ್ರ ಮಾಡುತ್ತಿದ್ದರೆ ಹಾಲು ಸಾಲುತ್ತಿದೆ ಎನ್ನಬಹುದು ಎಂದೂ, ಮೊದಲ ದಿನಗಳಲ್ಲಿ ತೂಕ ತುಸು ಇಳಿದು ಮತ್ತೆ ಏರುವುದು ಸಹಜವೆಂದೂ ತಿಳಿಸುತ್ತಾಳೆ. ಈ ಧೈರ್ಯ ಸಿಕ್ಕಿದ ತಾಯಿ ಮುಂದಿನ ಸಲ ತಾನೇ ಹಾಲೂಡಿಸುತ್ತಾಳೆ. ನನ್ನ ದೃಷ್ಟಿಯಲ್ಲಿ ಡೌಲಾಳ ಕೆಲಸದ ಸಾರ್ಥಕತೆಯನ್ನು ಅಳೆಯಬೇಕಾದುದು ಇದರಿಂದಲೇ.

ಇದರ ಜೊತೆಗೆ ಅಡುಗೆ, ಬಟ್ಟೆ, ದೊಡ್ಡ ಮಗುವಿನ ಮುನಿಸು, ತಂದೆಗೆ ಮಗುವನ್ನು ಎದೆಗೊರಗಿಸಿಕೊಳ್ಳಲು ಕಲಿಸುವುದು, ತಾಯಿಗೆ ಎರಡು ಗಂಟೆಯ ಗಾಢ ನಿದ್ದೆ ಸಿಗುವಂತೆ ನೋಡಿಕೊಳ್ಳುವುದು ಇವೆಲ್ಲವೂ ಆಕೆಯ ಪಾಲಿಗೆ ಬರುತ್ತವೆ. ಹಿರಿಯರನ್ನು ನೋಯಿಸದೆ ತಿದ್ದುವ ಕೆಲಸವೂ ಇದೆ. ಬಾಣಂತಿಗೆ ನೀರು ಕೊಡಬಾರದು ಎಂಬ ನಂಬಿಕೆ ಕೆಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಹಾಲೂಡಿಸುವವಳು ಬಾಯಾರಿದಾಗಲೆಲ್ಲ ನೀರು ಕುಡಿಯಲೇಬೇಕು. ಮಗುವಿನ ಹೊಕ್ಕುಳಿಗೆ ಬೂದಿ, ಎಣ್ಣೆ ಹಚ್ಚದೆ ಒಣಗಲು ಬಿಡಬೇಕು.

ಡೌಲಾ ವೈದ್ಯೆಯೂ ಅಲ್ಲ, ದಾದಿಯೂ ಅಲ್ಲ, ಔಷಧಿ ಹೇಳುವ ಅಧಿಕಾರ ಆಕೆಗಿಲ್ಲ. ಆದರೆ ಅಪಾಯವನ್ನು ಗುರುತಿಸಿ ಆಸ್ಪತ್ರೆಗೆ ಹೊರಡಿಸುವಷ್ಟು ತಿಳಿವಳಿಕೆ ಇರಲೇಬೇಕು. ಒಂದೇ ಗಂಟೆಯಲ್ಲಿ ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತಸ್ರಾವ, ಜ್ವರ, ಕಣ್ಣು ಮಂಜಾಗುವಂಥ ತಲೆನೋವು, ಹಾಲು ಕುಡಿಯದೆ ಮಂಕಾದ ಮಗು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು.

ಮನಸ್ಸಿನ ವಿಷಯವನ್ನು ನಾವು ಇನ್ನೂ ಮುಚ್ಚಿಡುತ್ತೇವೆ. ಹೆರಿಗೆಯಾದ ಕೆಲವೇ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಬಹಳ ಮಂದಿಗೆ ಆಗುತ್ತದೆ, ತಾನಾಗಿಯೇ ಹೋಗುತ್ತದೆ. ಎರಡು ವಾರ ಕಳೆದರೂ ಬೇಸರ ಇಳಿಯದಿದ್ದರೆ, ಮಗುವಿನ ಮೇಲೆ ಅಕ್ಕರೆಯೇ ಹುಟ್ಟದಿದ್ದರೆ, ಸಾಯಬೇಕೆನಿಸಿದರೆ ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೇ ದಾಖಲಿಸಿಕೊಳ್ಳುವ ವಿಭಾಗವಿದೆ. ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಯಾರು ಬೇಕಾದರೂ ಕರೆ ಮಾಡಬಹುದು. ದಿನವೂ ಹತ್ತಿರದಲ್ಲಿರುವ ಡೌಲಾಗೆ ಈ ಬದಲಾವಣೆ ಮನೆಯವರಿಗಿಂತ ಮೊದಲೇ ಕಾಣುವುದುಂಟು.

ಹಣ ಕೊಟ್ಟು ಡೌಲಾಳನ್ನು ಕರೆಸಿಕೊಳ್ಳುವುದು ಎಲ್ಲರಿಗೂ ಆಗದು. ಆಸ್ಪತ್ರೆಯಲ್ಲಿ ಸಹಜ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನಗಳಂದು ಭೇಟಿ ಕೊಡಬೇಕೆಂಬ ವ್ಯವಸ್ಥೆ ನಮ್ಮಲ್ಲಿದೆ, ಅದು ಬೆಲೆಯುಳ್ಳದ್ದು. ನೆದರ್‌ಲ್ಯಾಂಡ್ಸ್‌ನಲ್ಲಿ ತರಬೇತಾದ ಸಹಾಯಕಿಯೊಬ್ಬರು ಹೆರಿಗೆಯ ನಂತರ ಸಾಮಾನ್ಯವಾಗಿ 8ರಿಂದ 10 ದಿನ ಮನೆಗೆ ಬಂದು ದಿನಕ್ಕೆ ಹಲವು ಗಂಟೆ ಇರುತ್ತಾರೆ, ವೆಚ್ಚದ ಬಹುಪಾಲನ್ನು ಆರೋಗ್ಯ ವಿಮೆಯೇ ಭರಿಸುತ್ತದೆ. ತಾಯಿಯ ಆರೈಕೆ ಸಮಾಜದ ಹೊಣೆ ಎಂದು ಅಲ್ಲಿ ಒಪ್ಪಿಕೊಂಡಿದ್ದಾರೆ. ಆಶಾ ಕಾರ್ಯಕರ್ತೆಯರಿಗೆ ತಕ್ಕ ಸಂಭಾವನೆಯನ್ನೂ ಹೆಚ್ಚಿನ ಸಮಯವನ್ನೂ ಕೊಟ್ಟು ನಾವೂ ಆ ದಿಕ್ಕಿನಲ್ಲಿ ಹೆಜ್ಜೆ ಇಡಬೇಕು.

ಡೌಲಾಳನ್ನು ನೇಮಿಸಿಕೊಳ್ಳುವವರು ಎಂಟನೆಯ ತಿಂಗಳಿನಲ್ಲೇ ಮಾತನಾಡಿಕೊಳ್ಳಿ. ಈ ವೃತ್ತಿಗೆ ನಮ್ಮಲ್ಲಿ ಸರ್ಕಾರಿ ನೋಂದಣಿ ಇಲ್ಲದಿರುವುದರಿಂದ, ಎಲ್ಲಿ ತರಬೇತಿ ಪಡೆದರು ಎಂದು ಕೇಳಿ, ಹಿಂದೆ ನೆರವು ಪಡೆದ ಕುಟುಂಬದವರನ್ನು ವಿಚಾರಿಸಿ. ಬರುವ ಸಮಯ, ಅಡುಗೆಯ ಹೊಣೆ, ನೆಂಟರು ಬಂದು ಹೋಗುವ ವಿಷಯ, ಸಂಬಳ ಎಲ್ಲವನ್ನೂ ಅತ್ತೆ ಅಥವಾ ತಾಯಿಯ ಎದುರಿನಲ್ಲೇ ನಿಶ್ಚಯಿಸಿಕೊಳ್ಳಿ. ನಮಸ್ಕಾರ.